ಗುಜರಿ ಗಾಡಿಯ ವಾರಸುದಾರರು

'ಟಾಟಾ ಮೊಬೈಲ್' ಎಂದರೆ ಈಗಿನ ಮಕ್ಕಳು ಫೋನೆಂದು ತಿಳಿಯುತ್ತಾರೆ. ಕೈಯಲ್ಲಿ ಹಿಡಿಯುವ ಮೊಬೈಲು ನಮ್ಮೂರಿಗೆ ಬರುವ ಎಷ್ಟೋ ಮೊದಲು, 1988ರಲ್ಲಿ, ಟೆಲ್ಕೋ ಕಂಪೆನಿ ಹೊರತಂದ ಪಿಕಪ್ ಗಾಡಿಯ ಹೆಸರದು. ನಮ್ಮ ಕಡೆ ಅದು ಮೀನಿನ ಗಾಡಿ. ಬೆಳಗಿನ ಜಾವ ದಕ್ಕೆಯಿಂದ ಐಸ್ ಪೆಟ್ಟಿಗೆ ಹೊತ್ತು ಘಾಟಿ ಹತ್ತುತ್ತಿತ್ತು.

ಅಂತಹ ಒಂದು ಗಾಡಿ ನನ್ನ ಬಾಲ್ಯದ ಗೆಳೆಯನ ಮನೆಯ ಹಿಂದೆ ಒಂಬತ್ತು ವರ್ಷ ನಿಂತಿತ್ತು. ಅವನ ತಂದೆ ತೀರಿಕೊಂಡ ಮೇಲೆ ಯಾರೂ ಚಾವಿ ತಿರುಗಿಸಿರಲಿಲ್ಲ. ಸೀಟಿನ ಸ್ಪಂಜಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಗಲ್ಫಿನ ಗ್ಯಾರೇಜಿನಲ್ಲಿ ದುಡಿದು ಮರಳಿದ ಗೆಳೆಯ, ಅದನ್ನು ರಿಪೇರಿ ಮಾಡಿ ಬಾಡಿಗೆಗೆ ಓಡಿಸುವ ಯೋಚನೆ ಮಾಡಿದ. ರಜೆಯ ದಿನಗಳಲ್ಲಿ ನಾನೂ ಬರುತ್ತೇನೆಂದು ಒಪ್ಪಿದೆ. ಆದರೆ ಮೊದಲ ದಿನವೇ ಕೇಳಿದೆ:

"ಸ್ಪ್ಯಾನರ್ ಆಮೇಲೆ ಹಿಡಿ. ಗಾಡಿ ಯಾರದ್ದು?"

"ಬಾಪನದ್ದು."

"ಬಾಪ ಇಲ್ಲವಲ್ಲ ಮಾರಾಯ."

ಜಮೀನು, ಮನೆ ಪಾಲಾಗುವಾಗ ಹತ್ತು ಜನ ಕೂರುತ್ತಾರೆ. ಗಾಡಿ, ಹೊಲಿಗೆ ಯಂತ್ರ, ಪಂಪ್‌ಸೆಟ್ಟುಗಳು ಮಾತ್ರ ಬಳಸುವವನದ್ದಾಗಿ ಬಿಡುತ್ತವೆ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹೆಣ್ಣುಮಕ್ಕಳು ಸುಮ್ಮನಿರುತ್ತಾರೆ. ಇನ್ನೊಂದು ವಿಷಯ: ತುಕ್ಕು ಹಿಡಿದ ಗಾಡಿಗೆ ವಾರಸುದಾರರಿಲ್ಲ. ಅದೇ ಗಾಡಿ ಪೈಂಟಾಗಿ ರಸ್ತೆಗಿಳಿದರೆ ಎಲ್ಲರಿಗೂ ಬಾಪನ ನೆನಪಾಗುತ್ತದೆ. ಆದ್ದರಿಂದ ಬೆಲೆ ಕಟ್ಟಬೇಕಾದುದು ಕೆಲಸಕ್ಕೆ ಮೊದಲು, ನಿಂತಲ್ಲಿ ಇರುವಾಗಲೇ.

ಗುಜರಿಯವನನ್ನು ಕರೆಸಿದೆವು. 40 ಸಾವಿರ ಎಂದ. ಮೃತರಿಗೆ ಸಾಲವಿರಲಿಲ್ಲ, ಅವರ ತಂದೆ ತಾಯಿ ಮೊದಲೇ ತೀರಿಕೊಂಡಿದ್ದರು. ಉಳಿದವರು ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಪತ್ನಿಗೆ ಎಂಟನೆಯ ಒಂದು ಪಾಲು, ಅಂದರೆ 5,000. ಮಿಕ್ಕ 35,000ದಲ್ಲಿ ಗಂಡುಮಕ್ಕಳಿಗೆ ತಲಾ 10,000, ಹೆಣ್ಣುಮಕ್ಕಳಿಗೆ ತಲಾ 5,000. ಗೆಳೆಯ ತನ್ನ ಪಾಲು ಬಿಟ್ಟು 30,000 ಕೊಟ್ಟ. ವಿದೇಶದಲ್ಲಿರುವ ತಮ್ಮ ಫೋನಿನಲ್ಲೇ ಒಪ್ಪಿದ. ಕಿರಿಯ ತಂಗಿ, "ನನಗೆ ಬೇಡ ಕಾಕ" ಎಂದಳು. ಮೊದಲು ಕೈಗೆ ತೆಗೆದುಕೋ, ಆಮೇಲೆ ಕೊಡುವುದು ಬಿಡುವುದು ನಿನ್ನಿಷ್ಟ ಎಂದೆ. ತೆಗೆದುಕೊಂಡಳು. ಹಿಂದಿರುಗಿಸಲಿಲ್ಲ. ಯಾಕೆ ಹಿಂದಿರುಗಿಸಬೇಕು?

ರಿಪೇರಿಗೆ ನಾನು ಕೊಟ್ಟ 20,000 ರೂಪಾಯಿಯನ್ನು ಸಾಲವೆಂದೇ ಬರೆದು ಇಬ್ಬರೂ ಸಹಿ ಹಾಕಿದೆವು. ಸಾಲವನ್ನು ಬರೆದಿಡಿರೆಂಬ ಕುರ್‌ಆನಿನ ಆದೇಶ (ಅಲ್ ಬಕರ: 282) ಗೆಳೆಯರಿಗೆ ಅನ್ವಯವಾಗದೆಂದು ಎಲ್ಲೂ ಹೇಳಿಲ್ಲ.

ಇನ್ನು ಕೆಲಸ. ಉಪ್ಪುಗಾಳಿಗಿಂತಲೂ ಮೀನಿನ ಐಸ್ ನೀರು ಕಬ್ಬಿಣಕ್ಕೆ ದೊಡ್ಡ ಶತ್ರು. ಹಿಂಬದಿಯ ತಳ ಜರಡಿಯಾಗಿತ್ತು. ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಗೇಣು ಗೇಣು ಬಡಿಯುತ್ತಾ ಹೋದೆವು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಕೊಳೆತದ್ದು ಬೊದ್ದೆಂದು ಸುಮ್ಮನಾಗುತ್ತದೆ. ಎರಡು ಕಡೆ ಕತ್ತರಿಸಿ ಹೊಸ ತಗಡು ಬೆಸುಗೆ ಮಾಡಬೇಕಾಯಿತು. ವರ್ಷಗಟ್ಟಲೆ ನಿಂತ ಇಂಜಿನ್‌ಗೆ ಒಮ್ಮೆಗೇ ಸೆಲ್ಫ್ ಹೊಡೆಯಬಾರದು. ಹೀಟರ್ ಪ್ಲಗ್ ಬಿಚ್ಚಿ ಆ ತೂತುಗಳಲ್ಲಿ ಎಣ್ಣೆ ಬಿಟ್ಟು ಎರಡು ದಿನ ಕಾದೆವು. ಮೂರನೆಯ ದಿನ ಕೈಯಿಂದ ತಿರುಗಿಸಿದಾಗ ಕ್ರ್ಯಾಂಕ್ ಮೆಲ್ಲನೆ ಸರಿಯಿತು. ಡೀಸೆಲ್ ಟ್ಯಾಂಕ್ ತೊಳೆದೆವು, ಪಂಪನ್ನು ಮಂಗಳೂರಿಗೆ ಕಳುಹಿಸಿದೆವು. ಬ್ರೇಕಿನ ರಬ್ಬರ್, ಹೋಸ್ ಪೈಪ್, ವೀಲ್ ಸಿಲಿಂಡರ್ ಎಲ್ಲವೂ ಹೊಸದು. ಅಲ್ಲಿ ಮಾತ್ರ ಗೆಳೆಯ ಹಳೆಯ ಸಾಮಾನು ಮುಟ್ಟಲು ಬಿಡಲಿಲ್ಲ.

ಇಂಜಿನ್ ಸ್ಟಾರ್ಟಾದ ದಿನ ಹಿತ್ತಲಿಡೀ ಹೊಗೆ. ಅವನ ಉಮ್ಮ ಹಿಂಬಾಗಿಲಿಗೆ ಬಂದು ಬಹಳ ಹೊತ್ತು ನಿಂತರು. ಆಮೇಲೆ, "ಕೋಳಿಗೆ ಬೇರೆ ಗೂಡು ಮಾಡಿಕೊಡಿ" ಎಂದರು.

ಇಂಜಿನಿಗಿಂತ ಹೆಚ್ಚು ಬೆವರಿಳಿಸಿದ್ದು ಕಾಗದಪತ್ರ. ಮಾಲಕ ಮೃತಪಟ್ಟರೆ 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕೆಂಬುದು ನಿಯಮ. ಇಲ್ಲಿ ಒಂಬತ್ತು ವರ್ಷ ಕಳೆದಿತ್ತು. "ಊರೊಳಗೆ ತಾನೇ, ಹಾಗೇ ಓಡಿಸು" ಎಂದು ಸಲಹೆ ಕೊಟ್ಟವರಿದ್ದಾರೆ. ಅಪಘಾತವಾದಾಗ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಕನೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇನ್ಶೂರೆನ್ಸ್ ಇಲ್ಲದ ಗಾಡಿ ಯಾರಿಗಾದರೂ ಬಡಿದರೆ, ತೀರಿಹೋದವರ ಹೆಸರಿನಿಂದ ಹೊರಟ ನೋಟೀಸು ಆ ಉಮ್ಮನ ಬಾಗಿಲಿಗೂ ಬರಬಹುದು. ಸಾಮಾನು ಸಾಗಿಸುವ ಹಳೆಯ ಗಾಡಿಗೆ ವರ್ಷವರ್ಷವೂ ಫಿಟ್‌ನೆಸ್ ಬೇಕು. 15 ವರ್ಷ ದಾಟಿದವುಗಳ ಶುಲ್ಕ 2022ರ ಏಪ್ರಿಲ್‌ನಿಂದ ಏರಿದೆ. ಹಳೆಯ ಗಾಡಿಗೆ ಆಸೆಪಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಎಲ್ಲ ವಾರಸುದಾರರ ಸಹಿಯಿದ್ದ ಅಫಿದವಿತ್ ಸಿದ್ಧವಿದ್ದುದರಿಂದ ಹೆಸರು ಬದಲಾವಣೆ ಮುಗಿಯಿತು. ಫಿಟ್‌ನೆಸ್‌ಗೆ ದಿನ ಸಿಕ್ಕಿದೆ. ಹಿಂದಿನ ಲೈಟಿನ ವಯರಿಂಗ್ ಬಾಕಿಯಿದೆ. ಶುಕ್ರವಾರ ಮದ್ರಸಕ್ಕೆ ರಜೆ, ಅಂದು ಮುಗಿಸಬೇಕು.