ಒಮ್ಮೆ ಕೇಳಿದರೆ ಸಾಕೇ?

ಹೊಸದಾಗಿ ಕೊಂಡ ಭಾವಗೀತೆ, ತತ್ವಪದಗಳ ಆಲ್ಬಮ್‌ಗಳೆಲ್ಲ ಒಂದೇ ಥರ, ಪಲ್ಲವಿ ಬೇಸರ ಬರುವಷ್ಟು ಮರುಕಳಿಸುತ್ತದೆ, ಮೊದಲ ಸಲಕ್ಕೇ ಸಾಮಾನ್ಯ ಕೇಳುಗನಿಗೆ ಹಿಡಿಸದ್ದು ಸೋತಂತೆ ಎಂಬುದು ಲೇಖಕರೊಬ್ಬರ ವಾದ. ಕೇಳಲು ಶಾಸ್ತ್ರಜ್ಞಾನ ಬೇಕಿಲ್ಲ, ಒಪ್ಪಿದೆ. ಆದರೆ ತತ್ವಪದಕಾರ ಶಿಶುನಾಳ ಶರೀಫರ (1819–1889) ಪದಗಳು ಇಯರ್‌ಫೋನಿಗೆಂದು ಕಟ್ಟಿದವಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ಭಜನೆಯಲ್ಲಿ ಆ ಲೇಖಕರು ಒಂದು ರಾತ್ರಿ ಕೂತು ನೋಡಲಿ: ಒಬ್ಬ ಎತ್ತಿಕೊಟ್ಟ ಪಲ್ಲವಿಯನ್ನು ಮೇಳ ಹಿಡಿಯುತ್ತದೆ, ತಾಳ ಬಿಗಿಯಾಗುತ್ತದೆ, ಅದೇ ಸಾಲು ಹತ್ತನೇ ಸಲಕ್ಕೆ ಬೇರೆಯೇ ಅರ್ಥ ಬಿಟ್ಟುಕೊಡುತ್ತದೆ. ಮರುಕಳಿಕೆಯ ಮೇಲೆಯೇ ಆ ಪದ ನಿಂತಿದೆ. ಇನ್ನು ಎಲ್ಲವೂ ಒಂದೇ ಥರ ಎಂಬ ಮಾತು! 1978ರ ಭಾವಗೀತೆಗಳ ಧ್ವನಿಸುರುಳಿ ‘ನಿತ್ಯೋತ್ಸವ’ದಲ್ಲಿ ಮೈಸೂರು ಅನಂತಸ್ವಾಮಿಯವರ ಆಪ್ತ ದನಿಯೆಲ್ಲಿ, ಶರೀಫರನ್ನು ಹಾಡಿದ ಸಿ. ಅಶ್ವತ್ಥರ ಏರುದನಿಯೆಲ್ಲಿ? ಜಗಳೂರಿನ ಬಸ್ಸಿನ ಗದ್ದಲದಲ್ಲಿ ಕೇಳಿದರೂ ಆ ಅಂತರ ಕಿವಿಗೆ ಬೀಳುತ್ತದೆ.