ಜೋಲಿಯಲ್ಲಿ ಮಲಗುವವರಿಗೆ ಚೀಲವೇಕೆ?

ಕಳೆದ ಡಿಸೆಂಬರಿನಲ್ಲಿ ನಮ್ಮ ಸೀಮೆಯ ಕಾಲೇಜು ವಿದ್ಯಾರ್ಥಿಗಳಿಗೆಂದು ಮೂರು ದಿನಗಳ ನಿಸರ್ಗ ಶಿಬಿರವೊಂದು ಏರ್ಪಾಡಾಗಿತ್ತು. ಶಿಬಿರಾರ್ಥಿಗಳು ತರಬೇಕಾದ ವಸ್ತುಗಳ ಪಟ್ಟಿಯಲ್ಲಿ ಮೊದಲನೆಯದು ಹ್ಯಾಮಕ್, ಅಂದರೆ ಎರಡು ಮರಗಳ ನಡುವೆ ಕಟ್ಟಿ ಮಲಗುವ ಬಟ್ಟೆಯ ಜೋಲಿ. ಎರಡನೆಯದು ಸ್ಲೀಪಿಂಗ್ ಬ್ಯಾಗ್. ಪಟ್ಟಿಯ ಅಡಿಯಲ್ಲಿ ‘ಕಂಬಳಿ, ಕೌದಿಗಳಿಗೆ ಅವಕಾಶವಿಲ್ಲ’ ಎಂಬ ಷರಾ. ನೆರೆಮನೆಯ ಹುಡುಗಿ ಆ ಕಾಗದ ಹಿಡಿದು ನಮ್ಮ ಜಗಲಿಗೆ ಬಂದಳು. ಜೋಲಿಯನ್ನು ಗೆಳತಿಯೊಬ್ಬಳಿಂದ ಎರವಲು ತಂದಿದ್ದಳು. ಚೀಲಕ್ಕೆ ಮನೆಯಲ್ಲಿ ಹಣವಿರಲಿಲ್ಲ. “ಅಣ್ಣ, ಕಂಬಳಿ ತಂದರೆ ಸೇರಿಸಿಕೊಳ್ಳುವುದಿಲ್ಲವಂತೆ” ಎಂದಳು. ಶಿಬಿರ ನಡೆದದ್ದು ಅವಳು ದಿನವೂ ದರಕು ತರಲು ಹೋಗುವ ಸೊಪ್ಪಿನಬೆಟ್ಟದ ಅಂಚಿನಲ್ಲಿ. ಅವಳು ಹೋಗಲಿಲ್ಲ.

ಹೋದವರ ಕತೆಯನ್ನೂ ಕೇಳಬೇಕು. ಹೊಚ್ಚಹೊಸ ಚೀಲಗಳಲ್ಲಿ ಕುತ್ತಿಗೆಯವರೆಗೆ ಜಿಪ್ ಎಳೆದುಕೊಂಡು ಮಲಗಿದ ಹುಡುಗರು ರಾತ್ರಿ ಎರಡು ಗಂಟೆಗೆ ಬೆನ್ನು ಕೊರೆಯುತ್ತಿದೆಯೆಂದು ಒಬ್ಬೊಬ್ಬರಾಗಿ ಎದ್ದು, ಬೆಳಗಿನವರೆಗೆ ಬೆಂಕಿಯ ಸುತ್ತ ಕುಳಿತರು. ಚೀಲ ಕಳಪೆಯದೆಂದು ಅಂಗಡಿಯವನನ್ನು ಬೈದವರೂ ಇದ್ದರು. ಅಂಗಡಿಯವನದು ಇಲ್ಲಿ ಏನೂ ತಪ್ಪಿಲ್ಲ. ಜೋಲಿಗೆ ಚೀಲ ತನ್ನಿರೆಂದು ಬರೆದವರದೇ ತಪ್ಪು.

ಗೆಳೆಯರೇ, ಹೊದಿಕೆ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡು ನಿಂತ ಗಾಳಿ ನಮ್ಮ ಮೈಶಾಖ ಹೊರಹೋಗದಂತೆ ತಡೆಯುತ್ತದೆ, ಅಷ್ಟೆ. ಚೀಲದೊಳಗೆ ಮಲಗಿದಾಗ ಬೆನ್ನ ಕೆಳಗಿನ ಭಾಗ ದೇಹದ ಭಾರಕ್ಕೆ ಚಪ್ಪಟೆಯಾಗಿ ಅಲ್ಲಿದ್ದ ಗಾಳಿ ಹೊರದೂಡಲ್ಪಡುತ್ತದೆ. ಉಳಿಯುವುದು ಎರಡು ಪದರ ತೆಳುಬಟ್ಟೆ ಮಾತ್ರ. ನೆಲದ ಮೇಲಾದರೆ ಅಡಿಗೆ ಹಾಸಿದ ಚಾಪೆ ಈ ಕೊರತೆಯನ್ನು ತುಂಬುತ್ತದೆ. ಜೋಲಿಯಲ್ಲಿ ನೆಲವೇ ಇಲ್ಲ. ಕೆಳಗಿನಿಂದ ಬೀಸುವ ಗಾಳಿ ಬೆನ್ನಿನ ಶಾಖವನ್ನು ಕ್ಷಣಕ್ಷಣಕ್ಕೂ ಒಯ್ಯುತ್ತಿರುತ್ತದೆ. ಚೀಲದ ಮೇಲೆ ಅಚ್ಚಾದ ಉಷ್ಣಾಂಶದ ಅಂಕಿಯನ್ನು ನಂಬಿ ಮಲಗಿದರೂ ಫಲವಿಲ್ಲ. ಆ ಅಂಕಿಗೆ ಆಧಾರವಾದ ಐಎಸ್‌ಒ 23537 ಮಾನದಂಡದ ಪರೀಕ್ಷೆಯಲ್ಲಿ, ಬಿಸಿಮಾಡಿದ ಬೊಂಬೆಯೊಂದನ್ನು ಚೀಲದೊಳಗಿಟ್ಟು ಅಡಿಗೆ ಚಾಪೆ ಹಾಸಿ ಅಳೆಯುತ್ತಾರೆ. ಗಾಳಿಯಲ್ಲಿ ತೂಗುವವನ ಬೆನ್ನಿಗೂ ಆ ಅಂಕಿಗೂ ಸಂಬಂಧವೇ ಇಲ್ಲ.

ಜೋಲಿಯನ್ನು ಜಗತ್ತಿಗೆ ಕೊಟ್ಟವರು ಅಮೆರಿಕ ಖಂಡದ ಮೂಲನಿವಾಸಿಗಳು. ‘ಹ್ಯಾಮಕ್’ ಎಂಬ ಶಬ್ದವೇ ಕೆರಿಬಿಯನ್ ದ್ವೀಪಗಳ ತೈನೋ ಜನರಿಂದ ಸ್ಪ್ಯಾನಿಷ್ ಭಾಷೆಯ ಮೂಲಕ ಬಂದದ್ದು. ಅಮೆಜಾನ್ ಕಾಡಿನ ಯಾನೊಮಾಮಿ ಜನ ಜೋಲಿಯ ಪಕ್ಕದಲ್ಲೇ ರಾತ್ರಿಯಿಡೀ ಸಣ್ಣ ಬೆಂಕಿ ಉಳಿಸಿಕೊಳ್ಳುತ್ತಾರೆ. ತೂಗಿ ಮಲಗುವವರಿಗೆ ಚಳಿ ಎತ್ತಣಿಂದ ಬರುತ್ತದೆಂಬುದು ಅವರಿಗೆ ತಿಳಿದಿತ್ತು. ನಮ್ಮ ತಾಯಂದಿರಿಗೂ ತಿಳಿದಿತ್ತು; ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುವಾಗ ಮೊದಲು ದಪ್ಪ ಬಟ್ಟೆಯ ಮಡಿಕೆ ಹಾಸುವುದು ಕೇವಲ ಮೆತ್ತಗಿರಲೆಂದಲ್ಲ.

ವಿದೇಶಗಳಲ್ಲಿ ವರ್ಷಗಟ್ಟಲೆ ಜೋಲಿಯಲ್ಲಿ ಮಲಗಿ ಪಳಗಿದ ಚಾರಣಿಗರೇ ಈಗ ಚೀಲವನ್ನು ಬಿಟ್ಟು ಎರಡು ಕೌದಿಗಳಿಗೆ ಬಂದಿದ್ದಾರೆ. ಒಂದು ಜೋಲಿಯ ಹೊರಗೆ, ಅಡಿಯಲ್ಲಿ ತೂಗುವಂಥದು. ಅದರ ಮೇಲೆ ಭಾರ ಬೀಳದ ಕಾರಣ ಅದರೊಳಗಿನ ಗಾಳಿ ಉಳಿಯುತ್ತದೆ. ಇನ್ನೊಂದು ಮೇಲೆ ಹೊದೆಯುವಂಥದು. ಬೆನ್ನಿನ ಭಾಗವೇ ಇಲ್ಲದ್ದರಿಂದ ಬಟ್ಟೆಯೂ ತೂಕವೂ ಉಳಿತಾಯ. ಇದನ್ನೇ ದುಬಾರಿ ಬೆಲೆಗೆ ಹೊಸ ಆವಿಷ್ಕಾರವೆಂಬಂತೆ ಮಾರಲಾಗುತ್ತಿದೆ. ನಾವು ಅಟ್ಟದ ಮೇಲಿನ ಕೌದಿಯನ್ನು ಇಲಿಗಳಿಗೆ ಬಿಟ್ಟು ಚೀಲಕ್ಕಾಗಿ ಪೇಟೆಗೆ ಓಡುತ್ತಿದ್ದೇವೆ! ಕೊಳ್ಳುಬಾಕತನ ಕಾಡು ಹತ್ತುವುದು ಹೀಗೆ, ನಿಸರ್ಗಪ್ರೇಮದ ಅಂಗಿ ತೊಟ್ಟು.

ಕಂಬಳಿಯನ್ನೇ ನೋಡಿ. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಹುಣಸೆಬೀಜದ ಸರಿ ಹಚ್ಚಿ, ಚಳ್ಳಕೆರೆಯ ಕಡೆಯ ಕುರುಬ ನೇಕಾರರು ಮಗ್ಗದಲ್ಲಿ ನೇಯ್ದ ವಸ್ತು ಅದು. ತುಸು ಒದ್ದೆಯಾದರೂ ಉಣ್ಣೆ ಬೆಚ್ಚಗಿಡುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡು ಆಷಾಢದ ಮಳೆಯಲ್ಲಿ ಸಸಿ ನೆಟ್ಟವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜೋಲಿಯ ಅಡಿಗೆ ಇದೇ ಸರಿ. ಕಂಬಳಿಯನ್ನು ಉದ್ದಕ್ಕೆ ಎರಡಾಗಿ ಮಡಚಿ, ನಾಲ್ಕು ಮೂಲೆಗಳಲ್ಲೂ ಒಂದೊಂದು ಅಡಿಕೆಯಿಟ್ಟು ಬಟ್ಟೆಯನ್ನು ಅದರ ಸುತ್ತ ಹಿಡಿದು ದಾರ ಬಿಗಿಯಿರಿ. ಗಂಟು ಜಾರದು, ಕಂಬಳಿಗೆ ತೂತೂ ಬೀಳದು. ಆ ದಾರಗಳನ್ನು ಜೋಲಿಯ ಎರಡು ತುದಿಯ ಹಗ್ಗಗಳಿಗೆ ಕಟ್ಟಿದರೆ ಕಂಬಳಿ ಜೋಲಿಯ ಹೊಟ್ಟೆಗೆ ತಾಗಿಯೂ ತಾಗದಂತೆ ತೂಗುತ್ತದೆ. ಸಡಿಲವಾದರೆ ನಡುವೆ ತಣ್ಣನೆ ಗಾಳಿ ಹರಿಯುತ್ತದೆ. ಬಿಗಿಯಾದರೆ ಚೀಲದ ಗತಿಯೇ ಅದಕ್ಕೂ. ಮಲಗಿಕೊಂಡು, ಇನ್ನೊಬ್ಬರಿಂದ ಅಂಗೈ ತೂರಿಸಿ ನೋಡಿಸುವುದು ಉತ್ತಮ. ಗಾಳಿ ಜೋರಿರುವ ಗುಡ್ಡದಲ್ಲಿ ಕಂಬಳಿಯ ನೇಯ್ಗೆಯೊಳಗೂ ಗಾಳಿ ನುಗ್ಗುತ್ತದೆ. ಗಾಳಿಯ ದಿಕ್ಕಿಗೆ ಟಾರ್ಪಾಲೊಂದನ್ನು ಮರೆಕಟ್ಟಬೇಕು.

ಮೇಲೆ ಹೊದೆಯಲು ಕೌದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಯನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನತ್ತ ಹೊಲಿಯುತ್ತ ಹೋಗಿ, ಮೂಲೆಗಳಿಗೆ ‘ಫೂಲ’ ಎಂಬ ಮಡಿಕೆಯ ಹೂವನ್ನಿಡದೆ ಅವರು ಕೌದಿಯನ್ನು ಮುಗಿಸುವುದಿಲ್ಲ. ಹರಿದರೆ ಇನ್ನೊಂದು ತೇಪೆ, ಸವೆದರೆ ಇನ್ನೊಂದು ಪದರ. ಇದಕ್ಕೆ ಹೋಲಿಸಿದರೆ ಪೇಟೆಯ ಅಗ್ಗದ ಚೀಲವೆಂದರೆ ಪೆಟ್ರೋಲಿಯಂನಿಂದ ಬಂದ ಪಾಲಿಯೆಸ್ಟರ್. ಜಿಪ್ ಕೆಟ್ಟರೆ ಅದನ್ನು ರಿಪೇರಿ ಮಾಡುವವರಿಲ್ಲ, ಮಣ್ಣಿಗೆ ಬಿದ್ದರೆ ಕರಗುವುದಿಲ್ಲ. ಇಂಥ ಸಾಮಗ್ರಿಗಳಿಗೆ ನೀರು ಅಂಟದಂತೆ ಬಳಿಯುವ ಲೇಪಗಳ ಚರಿತ್ರೆಯೂ ಸ್ವಚ್ಛವಲ್ಲ. ಅವುಗಳ ತಯಾರಿಕೆಯೊಡನೆ ತಳಕು ಹಾಕಿಕೊಂಡ ಪಿಎಫ್‌ಒಎ ಎಂಬ ಫ್ಲೋರಿನ್ ರಾಸಾಯನಿಕವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿಸಬೇಕಾಯಿತು.

ಆಕ್ಷೇಪಗಳಿವೆ, ನ್ಯಾಯವಾದವೂ ಇವೆ. ಕಂಬಳಿ, ಕೌದಿಗಳು ಭಾರ. ಹೌದು, ದಿನಗಟ್ಟಲೆ ಬೆನ್ನ ಮೇಲೆ ಹೊತ್ತು ಹಿಮಾಲಯ ಹತ್ತುವವರಿಗೆ ನಾನು ಇವನ್ನು ಹೇಳಲಾರೆ. ಹತ್ತಿಯ ಕೌದಿ ನೆನೆದರೆ ಚಳಿಯನ್ನು ತಡೆಯುವುದಿಲ್ಲ, ಒಣಗಲು ಎರಡು ದಿನ ಬೇಕು. ಮಳೆಗಾಲದಲ್ಲಿ ಅದನ್ನು ನಂಬಿ ಹೊರಗೆ ಮಲಗುವುದು ಅವಿವೇಕ. ಮಂಜು ಸುರಿಯುವ ರಾತ್ರಿ ಮೇಲೊಂದು ಚಪ್ಪರದಂತೆ ಟಾರ್ಪಾಲು ಕಟ್ಟಲೇಬೇಕು. ನೆಲದ ಮೇಲೆ, ಒಳ್ಳೆಯ ಚಾಪೆಯೊಡನೆ, ಚೀಲ ಉಪಯುಕ್ತ ವಸ್ತುವೆಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಈಗಾಗಲೇ ಕೊಂಡವರು ಅದನ್ನು ಎಸೆಯಬೇಕಾಗಿಲ್ಲ. ಜಿಪ್ ಬಿಚ್ಚಿ ಮೇಲೆ ಹೊದ್ದುಕೊಂಡು, ಅಡಿಗೆ ಕಂಬಳಿ ತೂಗಿಸಲಿ. ಆದರೆ ಮನೆಯಿಂದ ಕೂಗಳತೆಯಲ್ಲಿ ನಡೆಯುವ ಮೂರು ದಿನದ ಚಳಿಗಾಲದ ಶಿಬಿರಕ್ಕೆ ಹಗುರತನದ ವಾದ ಯಾತಕ್ಕೆ? ಶಿಬಿರದ ಉಳಿದ ಸಾಮಾನೆಲ್ಲ ಜೀಪಿನಲ್ಲೇ ಬಂದಿತ್ತು.

ಜೋಲಿಯನ್ನೇ ಬೇಡವೆಂದು ನಾನು ಹೇಳುತ್ತಿಲ್ಲ. ಉಂಬಳಗಳಿರುವ ಮಲೆನಾಡಿನಲ್ಲಿ ನೆಲ ಬಿಟ್ಟು ಮಲಗುವುದು ಜಾಣತನವೇ. ಆದರೆ ತೆಳ್ಳನೆಯ ನೈಲಾನ್ ಹಗ್ಗವನ್ನು ಕಾಂಡಕ್ಕೆ ಬಿಗಿದರೆ ತೊಗಟೆ ಕೊರೆಯುತ್ತದೆ. ಮರದ ಆಹಾರ ಹರಿಯುವುದು ಆ ತೊಗಟೆಯ ಒಳಪದರದಲ್ಲೇ. ಅಗಲವಾದ ಪಟ್ಟಿ ಬಳಸಿ, ಇಲ್ಲವೇ ಹಗ್ಗದ ಕೆಳಗೆ ಗೋಣಿತಾಟು ಸುತ್ತಿ. ಎಳೆಮರಗಳನ್ನು ಮುಟ್ಟಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಪರವಾನಗಿಯಿಲ್ಲದೆ ಹೊರಗಿನವರು ಕಾಲಿಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಜೋಲಿ ಕಟ್ಟುವ ಮಾತು ದೂರವೇ ಉಳಿಯಿತು. ಅಂಗಳದಾಚೆಯ ಹಲಸು, ಮಾವು ನಮಗೆ ಸಾಲದೇ?

ಆ ಷರಾ ನನ್ನನ್ನು ನೋಯಿಸಿದ್ದು ಚಳಿಯ ಲೆಕ್ಕ ತಪ್ಪಿತೆಂಬ ಕಾರಣಕ್ಕಲ್ಲ. ತನ್ನ ಬೆಟ್ಟದಲ್ಲಿ ಮಲಗಲು ತನಗೆ ಅರ್ಹತೆಯಿಲ್ಲವೆಂದು ಹದಿನೆಂಟರ ಹುಡುಗಿಯೊಬ್ಬಳು ನಂಬಿ ಮನೆಯಲ್ಲುಳಿದಳು. ಅವಳ ಅಜ್ಜಿ ಹೊಲಿದ ಕೌದಿಯನ್ನು ಪಟ್ಟಿಯಲ್ಲಿ ಹೆಸರು ಹಿಡಿದೇ ನಿಷೇಧಿಸಲಾಗಿತ್ತು. ಮರುವಾರ ನಮ್ಮ ಹಿತ್ತಿಲ ಹಲಸಿನ ಮರಗಳ ನಡುವೆ ಅವಳೇ ಜೋಲಿ ಕಟ್ಟಿ, ಮೇಲೆ ಹೇಳಿದ ರೀತಿಯಲ್ಲಿ ಕಂಬಳಿ ತೂಗಿಸಿ, ಕೌದಿ ಹೊದ್ದು ಮಲಗಿದಳು. ಬೆಳಿಗ್ಗೆ ಅವಳನ್ನು ಎಬ್ಬಿಸಲು ಅವಳ ತಾಯಿ ಎರಡು ಸಲ ಕೂಗಬೇಕಾಯಿತು.

ಶಿಬಿರದ ಸಂಘಟಕರು ಈ ಪತ್ರಿಕೆಯ ಓದುಗರೇ ಆಗಿರುವುದರಿಂದ ಇಲ್ಲಿಯೇ ಕೇಳುತ್ತೇನೆ. ಬರುವ ಡಿಸೆಂಬರಿನ ಪಟ್ಟಿಯಲ್ಲಿ ಆ ಷರಾವನ್ನು ಹೊಡೆದುಹಾಕಿ, ಎರಡನೆಯ ಸಾಲನ್ನು ಹೀಗೆ ತಿದ್ದಿ: ಅಡಿಗೆ ಒಂದು ಕಂಬಳಿ, ಮೇಲೆ ಒಂದು ಕೌದಿ, ನಾಲ್ಕು ಅಡಿಕೆ, ಎರಡು ಮಾರು ದಾರ.