ಪಿಟೀಲು ಮಾರಿದ ಮಹಾತ್ಮ

ಗಾಂಧೀಜಿಗೆ ಕಲೆಯ ಗಂಧವಿರಲಿಲ್ಲವೆಂಬ ಮಾತು ಅವರ ಕಾಲದಲ್ಲಿಯೇ ಹುಟ್ಟಿಕೊಂಡಿತ್ತು. ತುಂಡು ಪಂಚೆ, ಸಪ್ಪೆಯೂಟ, ಚರಕದ ಸದ್ದು. ಇವುಗಳ ನಡುವೆ ಸಂಗೀತಕ್ಕೆಲ್ಲಿ ಎಡೆಯೆಂದು ಜನ ಬಗೆದುದರಲ್ಲಿ ಆಶ್ಚರ್ಯವಿಲ್ಲ. 1924ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಳ್ಳುತ್ತಿದ್ದ ಅವರೆದುರು ಗಾಯಕ ದಿಲೀಪಕುಮಾರ ರಾಯರು ಹಾಡಿದರು. ಅನಂತರ ಈ ಸಂದೇಹವನ್ನೇ ಮುಂದಿಟ್ಟರು. ಸಂಗೀತವಿಲ್ಲದ ಭಾರತದ ಧರ್ಮಜೀವನವನ್ನು ತಾವು ಊಹಿಸಲೂ ಆರೆವೆಂಬುದು ಗಾಂಧೀಜಿಯ ಉತ್ತರವಾಗಿತ್ತು.

ಅದು ಬಾಯುಪಚಾರದ ಮಾತಲ್ಲ. ಬಾಲ್ಯದಲ್ಲಿ ತಂದೆ ಕೊಂಡು ತಂದಿದ್ದ ‘ಶ್ರವಣ ಪಿತೃಭಕ್ತಿ’ ನಾಟಕದ ಪುಸ್ತಕ ಅವರ ಕಣ್ಣಿಗೆ ಬಿತ್ತು. ಊರೂರು ತಿರುಗುವ ಚಿತ್ರದವರು ಬಂದು, ಕುರುಡ ತಾಯಿತಂದೆಯರನ್ನು ಕಾವಡಿಯಲ್ಲಿ ಹೊತ್ತು ನಡೆಯುವ ಶ್ರವಣನನ್ನು ತೋರಿಸಿದ್ದೂ ಆಗಲೇ. ಮಗನನ್ನು ಕಳೆದುಕೊಂಡ ಮುದುಕರ ಪ್ರಲಾಪದ ಧಾಟಿ ಹುಡುಗನ ಕರುಳನ್ನು ಹಿಂಡಿತು. ತಂದೆ ಕೊಡಿಸಿದ್ದ ಕಾನ್ಸರ್ಟಿನಾ ಎಂಬ ಪುಟ್ಟ ತಿದಿವಾದ್ಯದಲ್ಲಿ ಆತ ಅದನ್ನೇ ನುಡಿಸುತ್ತಿದ್ದ. ಮುಂದೆ ನಾಟಕ ಮಂಡಳಿಯೊಂದು ಆಡಿದ ‘ಹರಿಶ್ಚಂದ್ರ’ವನ್ನು ನೋಡಿದ ಮೇಲಂತೂ, ತನ್ನೊಳಗೆ ತಾನೇ ಅದನ್ನು ಲೆಕ್ಕವಿಲ್ಲದಷ್ಟು ಸಲ ಆಡಿದುದುಂಟು.

ಲಂಡನ್ನಿಗೆ ಹೋದಾಗ ಸಭ್ಯನಾಗಬೇಕೆಂಬ ಹುಚ್ಚು ಹತ್ತಿತು. ನೃತ್ಯದ ಪಾಠಕ್ಕೆ ಮೂರು ಪೌಂಡು ತೆತ್ತದ್ದಾಯಿತು. ಕಾಲಿಗೆ ತಾಳ ಸಿಕ್ಕಲಿಲ್ಲ. ತಾಳಜ್ಞಾನ ಬರಲೆಂದು ಇನ್ನೂ ಮೂರು ಪೌಂಡು ಕೊಟ್ಟು ಪಿಟೀಲು ಕೊಂಡದ್ದಾಯಿತು. ಸನ್ಯಾಸಿಯು ಇಲಿಗಾಗಿ ಬೆಕ್ಕನ್ನೂ ಬೆಕ್ಕಿಗಾಗಿ ಹಸುವನ್ನೂ ಸಾಕಿದ ಕಥೆಯ ಹಾಗೆ! ಮೂರು ತಿಂಗಳಲ್ಲಿ ವಿವೇಕ ಮೂಡಿ, ಬಂದ ಬೆಲೆಗೆ ಪಿಟೀಲನ್ನು ಮಾರಿಕೊಡಿರೆಂದು ಪಾಠ ಹೇಳುತ್ತಿದ್ದ ಮಹಿಳೆಯನ್ನೇ ಬೇಡಿಕೊಂಡರು. ಆಕೆ ನಗದೆ ಉತ್ತೇಜನವನ್ನೇ ಕೊಟ್ಟಳು.

ಗ್ರಂಥಗಳ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬಾನಿಗೆ ಹೊರಟ ರೈಲಿನಲ್ಲಿ ಗೆಳೆಯ ಪೋಲಕ್ ಕೈಯಲ್ಲಿಟ್ಟ ರಸ್ಕಿನ್ನನ ‘ಅನ್ ಟು ದಿಸ್ ಲಾಸ್ಟ್’ ಆ ರಾತ್ರಿಯ ನಿದ್ರೆಯನ್ನೇ ಕಸಿದುಕೊಂಡಿತು. ಫೀನಿಕ್ಸ್ ಆಶ್ರಮ ಅದರ ಫಲ. ‘ಸರ್ವೋದಯ’ ಎಂದು ಆ ಪುಸ್ತಕಕ್ಕೆ ಗುಜರಾತಿಯಲ್ಲಿ ಅವರಿಟ್ಟ ಹೆಸರು ಇಂದು ಮೂಲಕ್ಕಿಂತ ಹೆಚ್ಚು ಪರಿಚಿತವಾಗಿದೆ. ಸಾಬರಮತಿಯಲ್ಲಿ ಪಲುಸ್ಕರರ ಶಿಷ್ಯ ನಾರಾಯಣ ಖರೆಯವರು ಆಶ್ರಮವಾಸಿಗಳಿಗೆ ಸಂಗೀತ ಕಲಿಸಿದರು. ನರಸಿಂಹ ಮೆಹತಾನ ‘ವೈಷ್ಣವ ಜನ’ದ ಜೊತೆಗೆ ನ್ಯೂಮನ್ನನ ‘ಲೀಡ್ ಕೈಂಡ್ಲಿ ಲೈಟ್’ ಕೂಡ ಪ್ರಾರ್ಥನೆಯಲ್ಲಿ ಸ್ಥಾನ ಪಡೆಯಿತು.

ಚಲಚ್ಚಿತ್ರದ ಮೇಲೆ ಮಾತ್ರ ಅವರಿಗೆ ಕೋಪ. 1927ರಲ್ಲಿ ಸರ್ಕಾರದ ಸಿನಿಮಾ ಸಮಿತಿ ಪ್ರಶ್ನಾವಳಿ ಕಳುಹಿಸಿದಾಗ, ತಾವೆಂದೂ ಸಿನಿಮಾ ನೋಡಿದವರಲ್ಲವೆಂದೂ ಅದರ ಕೇಡು ಹೊರಗಿನವರಿಗೂ ಕಾಣುವಂಥದೆಂದೂ ಬರೆದರು. ನೋಡದೆಯೇ ಕೊಟ್ಟ ತೀರ್ಪು! ಗಾಂಧೀಜಿಯಂಥ ಸತ್ಯಶೋಧಕರಿಗೆ ಅದು ಅಷ್ಟಾಗಿ ಒಪ್ಪುವುದಿಲ್ಲ. 1931ರಲ್ಲಿ ಲಂಡನ್ನಿನಲ್ಲಿ ಚಾರ್ಲಿ ಚಾಪ್ಲಿನ್ ಭೇಟಿಗೆ ಬಯಸಿದಾಗ, ಆತ ಯಾರೆಂದು ಇತರರು ತಿಳಿಸಬೇಕಾಯಿತು. ಕೊನೆಗೆ 1944ರಲ್ಲಿ, ಸೆರೆಯಿಂದ ಬಿಡುಗಡೆಯಾಗಿ ಜುಹುವಿನಲ್ಲಿ ವಿಶ್ರಮಿಸುತ್ತಿದ್ದಾಗ, ವಿಜಯ ಭಟ್ಟರ ‘ರಾಮರಾಜ್ಯ’ವನ್ನು ನೋಡಿದರು. ಶ್ರವಣನನ್ನೂ ಹರಿಶ್ಚಂದ್ರನನ್ನೂ ಮರೆಯದ ಮನಸ್ಸಿಗೆ ರಾಮನ ಕಥೆಯಲ್ಲದೆ ಇನ್ನಾವುದು ಹಿಡಿಸೀತು?

ರೇಡಿಯೋ ನಿಲಯದ ಮೆಟ್ಟಿಲನ್ನು ಅವರು ಹತ್ತಿದ್ದು ಒಂದೇ ಬಾರಿ, 1947ರ ನವೆಂಬರ್ 12ರಂದು. ಕುರುಕ್ಷೇತ್ರದ ಶಿಬಿರದಲ್ಲಿದ್ದ ನಿರಾಶ್ರಿತರ ಬಳಿಗೆ ಹೋಗಲಾಗದೆ, ದೆಹಲಿಯಿಂದಲೇ ಅವರೊಡನೆ ಮಾತನಾಡಿದರು. ಅಂದು ದೀಪಾವಳಿ.

ಅದೇ ವರ್ಷ ಮೀರೆಯ ‘ಹರಿ ತುಮ ಹರೋ’ ಭಜನೆಯನ್ನು ಎಂ. ಎಸ್. ಸುಬ್ಬುಲಕ್ಷ್ಮಿಯವರ ಕಂಠದಲ್ಲಿ ಕೇಳುವ ಬಯಕೆಯನ್ನು ಮದರಾಸಿಗೆ ಹೇಳಿಕಳುಹಿಸಿದರು. ತಮಗದು ರೂಢಿಯಿಲ್ಲ, ಬೇರೆಯವರು ಹಾಡಬಹುದೆಂದು ಗಾಯಕಿ ಹಿಂಜರಿದರು. ಇತರರು ಹಾಡುವುದಕ್ಕಿಂತ ಆಕೆ ಬರಿದೆ ಓದಿದರೂ ಸಾಕೆಂದು ಉತ್ತರ ಬಂತು. ಹಾಡು ಮುದ್ರಣಗೊಂಡು ದೆಹಲಿಗೆ ಹೋಯಿತು. 1948ರ ಜನವರಿ 30ರ ಮರಣವಾರ್ತೆಯ ಬಳಿಕ ಆಕಾಶವಾಣಿ ಬಿತ್ತರಿಸಿದ್ದು ಅದನ್ನೇ. ಮದರಾಸಿನ ಮನೆಯಲ್ಲಿ ರೇಡಿಯೋದೆದುರು ಕುಳಿತಿದ್ದ ಗಾಯಕಿ, ತಮ್ಮದೇ ದನಿಯನ್ನು ಕೇಳಿ ಮೂರ್ಛೆಹೋದರಂತೆ.